ಗಂಡಸಿಯ ಬಿಸಿಲು, ಮರೂನ್ ಸೋಫಾ

ಮನೆಗೆ ಮೊದಲು ಬಣ್ಣ, ಆಮೇಲೆ ಸೋಫಾ ಎಂಬ ಕ್ರಮ ಪುಸ್ತಕದಲ್ಲಿ ಮಾತ್ರ ನಡೆಯುತ್ತದೆ. ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯಂಥ ಕಡೆ ಸೋಫಾ ಸೆಟ್ ಮನೆಗೆ ಬರುವುದು ಮಗನ ಮದುವೆಗೋ, ಗೃಹಪ್ರವೇಶಕ್ಕೋ, ಕೊಬ್ಬರಿಗೆ ಒಳ್ಳೆಯ ರೇಟು ಸಿಕ್ಕ ವರ್ಷಕ್ಕೋ. ಬಂದ ಮೇಲೆ ಅದು ಸುಲಭಕ್ಕೆ ಕದಲುವುದಿಲ್ಲ. ಗೋಡೆಗಾದರೆ ಹಬ್ಬವೋ ಮದುವೆಯೋ ಬಂದಾಗಲೆಲ್ಲ ಹೊಸ ಬಣ್ಣ. ಪೇಂಟರ್ ಶೇಡ್ ಕಾರ್ಡ್ ಬಿಚ್ಚಿಕೊಂಡು ಹಾಲ್‌ನಲ್ಲಿ ನಿಲ್ಲುತ್ತಾನೆ, ಮನೆಮಂದಿಯೆಲ್ಲ ಸುತ್ತ ಸೇರುತ್ತಾರೆ. ಸೋಫಾ ಮರೂನ್ ಬಣ್ಣದ್ದು. ಅದಕ್ಕೆ ಯಾವ ಗೋಡೆ ಹೊಂದುತ್ತದೆ? ಅತ್ತೆ ಕೆನೆಬಣ್ಣ ಎನ್ನುತ್ತಾರೆ, ಸೊಸೆ ಬೂದು ಎನ್ನುತ್ತಾಳೆ, ಪೇಂಟರ್ ಹೋದ ವಾರ ಬೇರೆ ಮನೆಗೆ ಹೊಡೆದು ಉಳಿದ ಪೀಚ್ ಬಣ್ಣವನ್ನು ಹೊಗಳುತ್ತಾನೆ.

ಇದು ಅವರವರ ರುಚಿಯ ವಿಷಯ, ಇದರಲ್ಲಿ ವಿಜ್ಞಾನಕ್ಕೇನು ಕೆಲಸ ಎಂದು ಕೇಳಬಹುದು. ರುಚಿಯ ಪಾಲು ಇದ್ದೇ ಇದೆ. ಆದರೆ ಅದಕ್ಕೂ ಮುಂಚೆ ಒಂದು ತೊಡಕಿದೆ. ‘ಈ ಸೋಫಾದ ಬಣ್ಣ ಇದು’ ಎಂದು ಬೆರಳಿಟ್ಟು ತೋರಿಸಬಹುದಾದದ್ದು ಒಂದಲ್ಲ. ಬಟ್ಟೆಯೊಳಗಿನ ರಂಗು ಮಾಡುವ ಕೆಲಸ ಬಹಳ ಸರಳ: ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೀಲಿ, ಹಸಿರಿನ ಪಾಲನ್ನು ಬಹುಮಟ್ಟಿಗೆ ನುಂಗುತ್ತದೆ, ಸುಮಾರು 600 ನ್ಯಾನೋಮೀಟರಿಗಿಂತ ಉದ್ದದ ಕೆಂಪು ಅಲೆಗಳಲ್ಲಿ ಒಂದಷ್ಟನ್ನು ವಾಪಸು ಕಳಿಸುತ್ತದೆ. ಬಿದ್ದ ಬೆಳಕಿನಲ್ಲೇ ಆ ಅಲೆಗಳು ಕಡಿಮೆಯಿದ್ದರೆ ವಾಪಸು ಕಳಿಸಲು ಅದರ ಹತ್ತಿರ ಏನೂ ಇರುವುದಿಲ್ಲ. ಕಳಿಸಿದ್ದನ್ನು ಕಣ್ಣು ಇದ್ದಹಾಗೇ ತೆಗೆದುಕೊಳ್ಳುವುದೂ ಇಲ್ಲ, ಪಕ್ಕದಲ್ಲಿರುವುದರ ಜೊತೆ ತೂಗಿ ನೋಡಿಯೇ ತೀರ್ಮಾನ ಹೇಳುತ್ತದೆ. ಹೀಗಿರುವಾಗ ಶೇಡ್ ಕಾರ್ಡಿನಿಂದ ಶುರುಮಾಡುವುದೆಂದರೆ ಲೆಕ್ಕವನ್ನು ಕೊನೆಯ ಸಾಲಿನಿಂದ ಬರೆದ ಹಾಗೆ. ಮೊದಲು ನೋಡಬೇಕಾದದ್ದು ಬೆಳಕು, ಆಮೇಲೆ ನೆಲ, ಎಲ್ಲಕ್ಕಿಂತ ಕೊನೆಗೆ ಗೋಡೆ.

ಬೆಳಕಿನ ಬಗ್ಗೆ ಮನೆ ಅಲಂಕಾರದ ಪತ್ರಿಕೆಗಳಲ್ಲಿ, ವಿಡಿಯೊಗಳಲ್ಲಿ ಒಂದು ಸೂತ್ರ ಓಡಾಡುತ್ತಿರುತ್ತದೆ. ಉತ್ತರಕ್ಕೆ ಕಿಟಕಿಯಿರುವ ಕೋಣೆ ತಣ್ಣನೆಯದು, ಅಲ್ಲಿ ಹಳದಿ, ಕೆನೆಯಂಥ ಬೆಚ್ಚನೆಯ ಬಣ್ಣ ಬಳಿಯಿರಿ. ದಕ್ಷಿಣದ ಕೋಣೆಗೆ ನೀಲಿ, ಬೂದು ನಡೆಯುತ್ತದೆ. ಸೂತ್ರದಲ್ಲಿ ತಪ್ಪಿಲ್ಲ, ಅದು ಲಂಡನ್ನಿನದು ಅಷ್ಟೆ. ಭೂಮಧ್ಯರೇಖೆಯಿಂದ 51 ಡಿಗ್ರಿಗೂ ಹೆಚ್ಚು ಉತ್ತರದಲ್ಲಿರುವ ಆ ಊರಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಡಿಸೆಂಬರಿನಲ್ಲಂತೂ ನಡುಹಗಲಿಗೆ ದಿಗಂತದಿಂದ 15 ಡಿಗ್ರಿ ಮೇಲೇರಿದರೆ ಹೆಚ್ಚು. ಗಂಡಸಿ ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬಂದು, ನಿಲ್ಲಿಸಿದ ಕಂಬಕ್ಕೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ವಿಜ್ಞಾನಾಸಕ್ತರು ಮಕ್ಕಳನ್ನು ಸೇರಿಸಿಕೊಂಡು ಆಚರಿಸುವ ‘ಶೂನ್ಯ ನೆರಳಿನ ದಿನ’ ಇದೇ. ಅಲ್ಲಿಂದ ಆಗಸ್ಟ್ ನಡುಭಾಗದವರೆಗೆ ಗಂಡಸಿಯ ಮಧ್ಯಾಹ್ನದ ಸೂರ್ಯ ಇರುವುದು ಉತ್ತರದ ಕಡೆಗೆ! ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಇಳಿದರೂ ನಡುಹಗಲಿಗೆ 53 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಕಿಟಕಿಯ ಮೇಲಿನ ಸಜ್ಜಾ ಅವನನ್ನು ಬಹುಪಾಲು ತಡೆಯುತ್ತದೆ.

ಆದ್ದರಿಂದ ಇಲ್ಲಿ ಕೇಳಬೇಕಾದದ್ದು ಉತ್ತರವೋ ದಕ್ಷಿಣವೋ ಎಂದಲ್ಲ, ಪೂರ್ವವೋ ಪಶ್ಚಿಮವೋ ಎಂದು. ಮೂರು ಗಂಟೆಯ ಮೇಲೆ ಪಶ್ಚಿಮದ ಕಿಟಕಿಯಿಂದ ಓರೆಯಾಗಿ ನುಗ್ಗುವ ಬಿಸಿಲು ಸಜ್ಜಾಕ್ಕೆ ಬಗ್ಗುವುದಿಲ್ಲ. ದಪ್ಪನೆಯ ಗಾಳಿಯ ಪದರ ದಾಟಿ ಬರುವಷ್ಟರಲ್ಲಿ ಅದರ ನೀಲಿಯೆಲ್ಲ ಚದುರಿ, ಉಳಿಯುವುದು ಹಳದಿ ಮತ್ತು ಕೆಂಪು. ಆ ಹೊತ್ತಿಗೆ ಮರೂನ್ ಸೋಫಾ ಕೆಂಡದ ಹಾಗೆ ಕಾಣುತ್ತದೆ, ಕೆನೆಬಣ್ಣದ ಗೋಡೆ ಅರಿಸಿನ ಬಳಿದಂತಾಗುತ್ತದೆ. ಕಿಟಕಿಯ ಹೊರಗೆ ಏನಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತೆಂಗಿನ ತೋಟಕ್ಕೆ ತೆರೆದ ಕಿಟಕಿಯಿಂದ ಬರುವುದು ಗರಿಗಳಲ್ಲಿ ಸೋಸಿದ, ಹಸಿರು ಬೆರೆತ ಬೆಳಕು; ಅದರಲ್ಲಿ ಮರೂನ್ ಮಂಕಾಗಿ ಕಾಫಿಪುಡಿಯ ಕಡೆ ವಾಲುತ್ತದೆ. ಮುಂದೆ ಕೆಮ್ಮಣ್ಣಿನ ಅಂಗಳವಿದ್ದರೆ ನೆಲದಿಂದ ಪುಟಿದ ಬೆಳಕು ಸೂರಿನ ಅಡಿಗೆ ಕೆಂಪು ಛಾಯೆ ಕೊಡುತ್ತದೆ.

ಬೆಳಕು ಬದಲಾದರೆ ಕೋಣೆ ಎಷ್ಟು ಬದಲಾಗುತ್ತದೆ ಎಂದು ನೋಡಲು ಈ ಸೀಮೆಯವರು ದೂರ ಹೋಗಬೇಕಿಲ್ಲ. ಅರಸೀಕೆರೆಯ ಶಿವಾಲಯದ ಮುಂದಿನ ನಕ್ಷತ್ರಾಕಾರದ ಮಂಟಪ ಸುಮಾರು 1220ರದ್ದು. ಅದು ಇವತ್ತಿಗೂ ತೆರೆದೇ ಇದೆ. ಬೇಲೂರಿನ ಚೆನ್ನಕೇಶವನ ಮಂಟಪವೂ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗ, ತೆರೆದ ಮಂಟಪವೇ ಆಗಿತ್ತು. ಆಮೇಲೆ ಎರಡನೇ ಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳು ಬಂದವು, ಒಳಗೆ ಕತ್ತಲೆಯೂ ಬಂತು. ಶಿಲ್ಪಿಗಳು ಹಗಲಿನ ಬೆಳಕಿಗೆಂದು ಕಡೆದ ಕಂಬಗಳನ್ನು ಇವತ್ತಿನವರು ಮಬ್ಬಿನಲ್ಲಿ ನೋಡುತ್ತಿದ್ದಾರೆ. ಸೋಫಾ ಕೊಂಡಮೇಲೆ ಕಿಟಕಿಗೆ ದಪ್ಪ ಪರದೆ ಹಾಕಿಸುವವರು ಮಾಡುವುದೂ ಇದನ್ನೇ.

ಹೊಯ್ಸಳರ ಕಲ್ಲಿನಲ್ಲಿ ಇನ್ನೊಂದು ಪಾಠವೂ ಇದೆ. ಹಳೇಬೀಡಿನ ಹೊಯ್ಸಳೇಶ್ವರನ ಹೊರಗೋಡೆಯೂ ಒಳಗಿನ ಕಂಬಗಳೂ ಬಳಪದ ಕಲ್ಲಿನವೇ. ಹೊರಗೆ ಅದು ಹಸಿರು ಬೆರೆತ ಬೂದು. ಒಳಗೆ, ತಿರುಗಣೆಗೆ ಹಾಕಿ ನಯಮಾಡಿದ ಕಂಬಗಳಲ್ಲಿ, ಹೆಚ್ಚುಕಡಿಮೆ ಕಪ್ಪು. ಕಲ್ಲು ಬೇರೆಯಾದದ್ದಲ್ಲ, ಮೈ ಬೇರೆಯಾಯಿತು. ಒರಟು ಮೈ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ. ಆ ಚದುರಿದ ಬಿಳಿ ಬೆಳಕು ಕಲ್ಲಿನ ಸ್ವಂತ ಬಣ್ಣದ ಮೇಲೆ ತೆಳ್ಳಗೆ ಹಾಲು ಸುರಿದಂತೆ ಹರಡುತ್ತದೆ. ನಯವಾದ ಮೈ ಆ ಬಿಳಿಯನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಎಸೆದುಬಿಡುವುದರಿಂದ ಉಳಿದೆಲ್ಲ ಕಡೆಯಿಂದ ಕಲ್ಲಿನ ಗಾಢ ಬಣ್ಣ ಮಾತ್ರ ಕಾಣುತ್ತದೆ. ಒಂದೇ ರಂಗಿನಲ್ಲಿ ಅದ್ದಿದರೂ ಹತ್ತಿಬಟ್ಟೆಯ ಸೋಫಾ ತಿಳಿಯಾಗಿಯೂ ವೆಲ್ವೆಟ್ ಕಡುವಾಗಿಯೂ ಕಾಣಲು ಮೈಯೇ ಕಾರಣ. ವೆಲ್ವೆಟ್ಟಿನ ಎದ್ದುನಿಂತ ಎಳೆಗಳ ನಡುವೆ ಇಳಿದ ಬೆಳಕು ಸಿಕ್ಕಿಬಿದ್ದು ಹೊರಗೆ ಬರುವುದು ಕಡಿಮೆ. ಕೈ ಆಡಿಸಿ ಎಳೆಯ ದಿಕ್ಕು ಬದಲಿಸಿದರೆ ಬಣ್ಣವೂ ಬದಲಾಗುತ್ತದೆ. ರೆಕ್ಸಿನ್ ಎದುರಿನ ಕಿಟಕಿಯನ್ನೇ ಹೊಳಪಾಗಿ ತೋರಿಸುತ್ತದೆ. ಇನ್ನು ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ತೆಗೆಯದೆ ಇಟ್ಟ ಸೋಫಾಗಳಿವೆ. ಅವಕ್ಕೆ ಯಾವ ಗೋಡೆ ಹೊಂದುತ್ತದೆಂದು ಕೇಳುವುದೇ ವ್ಯರ್ಥ. ಕಾಣುತ್ತಿರುವುದು ಸೋಫಾ ಅಲ್ಲ, ಪ್ಲಾಸ್ಟಿಕ್ಕಿನ ಮೇಲಿನ ಟ್ಯೂಬ್‌ಲೈಟು.

ಹಳ್ಳಿಯ ಹಾಲ್‌ಗಳು ಜನರಿಂದ ತುಂಬುವುದು ದೀಪ ಹತ್ತಿದ ಮೇಲೆ. ಆದ್ದರಿಂದ ಬಲ್ಬಿನ ಮಾತು ಬಿಸಿಲಿನ ಮಾತಿಗಿಂತ ಮುಖ್ಯ. ಹಳೆಯ 60 ವಾಟ್‌ನ ತಂತಿ ಬಲ್ಬು ಕರೆಂಟನ್ನು ಪೋಲು ಮಾಡುತ್ತಿದ್ದುದು ನಿಜ, ಆದರೆ ಅದರ ಬೆಳಕಿನಲ್ಲಿ ಕೆಂಪು ಧಾರಾಳವಾಗಿತ್ತು. ಕಾದ ತಂತಿಯ ಉಷ್ಣಾಂಶದಿಂದ ಬಂದ ಆ ಬೆಳಕನ್ನು ಸುಮಾರು 2700 ಕೆಲ್ವಿನ್ ಎಂದು ಗುರುತಿಸುತ್ತಾರೆ. ಎಲ್‌ಇಡಿಯ ಬಗೆ ಬೇರೆ. ಅದರೊಳಗಿರುವುದು ಸುಮಾರು 450 ನ್ಯಾನೋಮೀಟರಿನ ನೀಲಿ ಬೆಳಕು ಸೂಸುವ ಚಿಪ್. ಅದರ ಮೇಲೆ ಬಳಿದ ಫಾಸ್ಫರ್ ಪುಡಿ ಒಂದಷ್ಟು ನೀಲಿಯನ್ನು ಹಳದಿಯಾಗಿ ಮಾರ್ಪಡಿಸುತ್ತದೆ. ನೀಲಿಯೂ ಹಳದಿಯೂ ಸೇರಿ ಕಣ್ಣಿಗೆ ಬಿಳಿ. ಈ ನೀಲಿ ಚಿಪ್ ಅನ್ನು ಸಾಧ್ಯವಾಗಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಮರುವರ್ಷ ದೇಶದಲ್ಲಿ ಉಜಾಲಾ ಯೋಜನೆ, ರಾಜ್ಯದಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ಎಲ್‌ಇಡಿ ಹಂಚಿಕೆ ಶುರುವಾದವು. ಕರೆಂಟ್ ಬಿಲ್ ಇಳಿಯಿತು. ಮರೂನ್ ಸೋಫಾಗಳ ಗ್ರಹಚಾರವೂ ಅಲ್ಲಿಂದಲೇ.

ಏಕೆಂದರೆ ಅಗ್ಗದ ಎಲ್‌ಇಡಿಯಲ್ಲಿ ಕಡುಗೆಂಪಿನ ಪಾಲು ಬಹಳ ಕಡಿಮೆ. ಬಲ್ಬಿನ ಡಬ್ಬಿಯ ಮೇಲೆ ‘ಸಿಆರ್‌ಐ 80’ ಎಂದು ಬರೆದಿರುತ್ತದೆ. ಬಣ್ಣಗಳನ್ನು ಎಷ್ಟು ನಿಯತ್ತಾಗಿ ತೋರಿಸುತ್ತದೆ ಎಂಬುದಕ್ಕೆ ಅದು ನೂರಕ್ಕೆ ಕೊಟ್ಟ ಅಂಕ. ಆ ಅಂಕದ ಒಳಗುಟ್ಟು ಕೇಳಿ. ಎಂಟು ಮಾದರಿ ಬಣ್ಣಗಳನ್ನು ಬಲ್ಬಿನಡಿ ಇಟ್ಟು ಸರಾಸರಿ ತೆಗೆಯುತ್ತಾರೆ, ಎಂಟೂ ತಿಳಿ ಬಣ್ಣಗಳೇ. ಗಾಢ ಕೆಂಪು ಪಟ್ಟಿಯಲ್ಲಿ ಒಂಬತ್ತನೆಯದು, ಸರಾಸರಿಗೆ ಅದು ಸೇರುವುದೇ ಇಲ್ಲ. ‘ಆರ್9’ ಎಂದು ಅದನ್ನು ಪ್ರತ್ಯೇಕವಾಗಿ ಅಳೆಯುತ್ತಾರೆ. 80 ಅಂಕದ ಬಲ್ಬಿಗೂ ಆರ್9 ಸೊನ್ನೆಯ ಹತ್ತಿರ ಇರಬಹುದು. ಕೆಂಪಿನಲ್ಲಿ ಫೇಲಾದರೂ ಒಟ್ಟಿನಲ್ಲಿ ಪಾಸು! 6500 ಕೆಲ್ವಿನ್‌ನ ‘ಕೂಲ್ ಡೇಲೈಟ್’ ಬಲ್ಬಿನಡಿ ಮರೂನ್ ಸೋಫಾ ಕಂದುಗಟ್ಟಿ ಕುಳಿತಿರುವುದಕ್ಕೆ ಇದು ಕಾರಣ. ಗೋಡೆಯ ಬಣ್ಣ ಸರಿಯಿಲ್ಲವೆಂದು ಆಗ ಗೋಡೆಯನ್ನು ಬೈಯುತ್ತಾರೆ.

ಬೆಳಕಿನ ಈ ಆಟ ಸೀರೆ ಅಂಗಡಿಗೆ ಹೋಗುವ ಹೆಂಗಸರಿಗೆ ಮೊದಲಿಂದ ಗೊತ್ತು. ಅಂಗಡಿಯವನು ಎಷ್ಟೇ ಬಿಡಿಸಿ ತೋರಿಸಿದರೂ ಸೀರೆಯನ್ನು ಬಾಗಿಲ ತನಕ ತಂದು ಬಿಸಿಲಿಗೆ ಹಿಡಿದು ನೋಡದೆ ದುಡ್ಡು ಕೊಡುವವರಲ್ಲ. ಮ್ಯಾಚಿಂಗ್ ಸೆಂಟರಿನಲ್ಲಿ ಸೆರಗಿಗೆ ಒಂದೇ ಬಣ್ಣವಾಗಿ ಕೂಡಿದ ರವಿಕೆ ಬಟ್ಟೆ ರಸ್ತೆಗಿಳಿದ ಕೂಡಲೇ ಬೇರೆಯಾಗಿ ಕಾಣುವುದುಂಟು. ಎರಡು ಬಟ್ಟೆಗಳ ರಂಗಿನ ರಸಾಯನ ಬೇರೆಬೇರೆಯಿದ್ದು, ಒಂದು ಬೆಳಕಿನಡಿ ಮಾತ್ರ ಕಣ್ಣಿಗೆ ಒಂದೇ ಆಗಿ ಕಾಣುವ ಈ ಮೋಸಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಕಣ್ಣಿನ ಶಂಕುಕೋಶಗಳು ಮೂರೇ ಬಗೆಯವು. ನೂರಾರು ಅಲೆಯುದ್ದಗಳ ಕಥೆಯನ್ನು ಅವು ಮೂರು ಅಂಕಿಗೆ ಇಳಿಸುತ್ತವೆ. ಮೂರು ಅಂಕಿ ಕೂಡಿದರೆ ಬಣ್ಣ ಕೂಡಿತು ಎಂದರ್ಥ, ಒಳಗಿನ ಕಥೆ ಬೇರೆಯೇ ಇದ್ದರೂ. ಸೀರೆಗೆ ತೋರುವ ಈ ಎಚ್ಚರವನ್ನು, ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಪರದೆ ಮತ್ತು ಪೇಂಟಿನ ವಿಷಯದಲ್ಲಿ ಯಾರೂ ತೋರುವುದಿಲ್ಲ.

ಈ ಮೂರಂಕಿ ಸಿದ್ಧಾಂತವನ್ನು ಒಪ್ಪದಿದ್ದವರಲ್ಲಿ ಸಿ.ವಿ. ರಾಮನ್ ಒಬ್ಬರು. ನೊಬೆಲ್ ಬಂದು ಮೂರು ದಶಕ ಕಳೆದ ಮೇಲೆ, ಬೆಂಗಳೂರಿನ ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ಅವರು ಹೂವುಗಳ ಬಣ್ಣ ಮತ್ತು ಮನುಷ್ಯನ ದೃಷ್ಟಿಯ ಹಿಂದೆ ಬಿದ್ದಿದ್ದರು. ಅದರ ಫಲವಾಗಿ ದೃಷ್ಟಿಯ ಶರೀರಕ್ರಿಯೆಯ ಬಗೆಗಿನ ಅವರ ಪುಸ್ತಕ 1968ರಲ್ಲಿ ಹೊರಬಂತು. ಅಷ್ಟರಲ್ಲಿ, 1964ರಲ್ಲೇ, ಅಮೆರಿಕದ ಪ್ರಯೋಗಶಾಲೆಗಳು ಶಂಕುಕೋಶಗಳನ್ನು ಒಂದೊಂದಾಗಿ ಅಳೆದು ಮೂರು ಬಗೆಗಳನ್ನು ಖಚಿತಪಡಿಸಿಯಾಗಿತ್ತು. ವಾದದಲ್ಲಿ ರಾಮನ್ ಸೋತರು. ಆದರೂ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಗುಲಾಬಿಯ ಎಸಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದ ಆ ಹಟ ಕಡಿಮೆಯದೇನಲ್ಲ.

ಮುಸ್ಸಂಜೆಯಲ್ಲಿ ಕರೆಂಟ್ ಹೋದಾಗ ಸೋಫಾ ಇನ್ನೊಂದು ವೇಷ ತೊಡುತ್ತದೆ. 1819ರಲ್ಲಿ ಬೊಹೀಮಿಯದ ವೈದ್ಯ ಯಾನ್ ಪುರ್ಕಿನ್ಯೆ ಗಮನಿಸಿದ ಸಂಗತಿ ಇದು: ಹಗಲಿನಲ್ಲಿ ಕಣ್ಣು ಕೋರೈಸುವ ಕೆಂಪು ಹೂಗಳು ಮಸುಕಿನಲ್ಲಿ ಎಲೆಗಳಿಗಿಂತ ಕಪ್ಪಾಗುತ್ತವೆ. ಬೆಳಕಿದ್ದಾಗ ಕೆಲಸ ಮಾಡುವ ಶಂಕುಕೋಶಗಳು ಒಟ್ಟಾರೆ 555 ನ್ಯಾನೋಮೀಟರಿನ ಹಳದಿ ಹಸಿರಿಗೆ ಅತಿ ಚುರುಕು. ಕತ್ತಲಾದಂತೆ ಕೆಲಸ ವಹಿಸಿಕೊಳ್ಳುವ ಸರಳುಕೋಶಗಳ ಚುರುಕು 500ರ ಹತ್ತಿರ, ಕೆಂಪಿಗೆ ಅವು ಹೆಚ್ಚುಕಡಿಮೆ ಕುರುಡು. ಜಗಲಿಯ ಕಡೆಯಿಂದ ಮಬ್ಬು ಬೆಳಕು ಬರುವ ಹಾಲ್‌ನಲ್ಲಿ ಮರೂನ್ ಸೋಫಾ ಆರೂವರೆಗೆ ಕರಿಬಂಡೆಯಾಗುತ್ತದೆ. ಅದರ ಮೇಲೆ ಒಂದು ನೀಲಿ ದಿಂಬಿದ್ದರೆ ಅದೇ ಎದ್ದು ಕಾಣುತ್ತದೆ.

ಇನ್ನು ನೆಲ. ಈ ಕಡೆಯ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ ಇನ್ನೂ ಗಟ್ಟಿಯಾಗಿದೆ. ಸಿಮೆಂಟಿಗೆ ಬೆರೆಸುವ ಆ ಪುಡಿ ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಹತ್ತಿರದ ಬಳಗ. ಮಂಗಳೂರು ಹೆಂಚಿಗೂ ಕೆಮ್ಮಣ್ಣಿಗೂ ಬಣ್ಣ ಕೊಟ್ಟದ್ದು ಅದೇ ಕಬ್ಬಿಣ. ಈ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚಿನದನ್ನು ನುಂಗಿದರೂ ಪುಟಿಸುವ ಅಲ್ಪ ಭಾಗ ಪೂರ್ತಿ ಕೆಂಪು ಬೆರೆತದ್ದು. ಬಿಳಿ ಗೋಡೆಯ ಕೆಳಗಿನ ಎರಡು ಮೂರು ಅಡಿ ನಸುಗೆಂಪಾಗಿ ಕಾಣುವುದು ಇದರಿಂದ. ಅಂಥ ಕೋಣೆಗೆ ಪೀಚ್ ಅಥವಾ ಕೆನೆ ಬಳಿದರೆ ನೆಲ, ಸೋಫಾ, ಗೋಡೆ ಮೂರು ಕಡೆಯಿಂದಲೂ ಕೆಂಪು ಹಳದಿಯೇ ಪುಟಿದು, ಒಂದರ ಮೇಲೊಂದು ಗಾಢವಾಗಿ, ಕಾರ್ಡಿನಲ್ಲಿ ಮೆತ್ತಗಿದ್ದ ಬಣ್ಣ ಗೋಡೆಯಲ್ಲಿ ಅರಚತೊಡಗುತ್ತದೆ. ಕೆನೆಬಣ್ಣದ ವಿಟ್ರಿಫೈಡ್ ಟೈಲ್ಸ್ ಹಾಕಿದ ಹೊಸ ಆರ್‌ಸಿಸಿ ಮನೆಗಳಲ್ಲಿ ಈ ತೊಂದರೆಯಿಲ್ಲ. ಅಲ್ಲಿರುವುದು ನೆಲದ ಹೊಳಪಿನಲ್ಲಿ ಕಿಟಕಿ ಮೂಡಿ ಕಣ್ಣಿಗೆ ಚುಚ್ಚುವ ಬೇರೆ ತೊಂದರೆ. ಒಂದು ಜಮಖಾನ ಹಾಸಿದರೆ ತೀರುತ್ತದೆ.

ರೆಡ್ ಆಕ್ಸೈಡ್ ನೆಲದ ಮನೆಗಳಿಗೆ ಹಿಂದಿನವರು ಬಳಿಯುತ್ತಿದ್ದುದು ಸುಣ್ಣ. ಅದಕ್ಕೊಂದಿಷ್ಟು ನೀಲಿ ಬೆರೆಸುತ್ತಿದ್ದರು, ಬಿಳಿ ಪಂಚೆಗೆ ಹಾಕುವ ಅದೇ ನೀಲಿ. ಲೆಕ್ಕ ಪಕ್ಕಾ ಇತ್ತು: ಸುಣ್ಣದ ಹಳದಿ ಛಾಯೆಯನ್ನು ನೀಲಿ ಕಳೆಯುತ್ತದೆ, ಗೋಡೆ ಇನ್ನಷ್ಟು ಬಿಳಿಯಾಗಿ ಕಾಣುತ್ತದೆ. ಈ ನೀಲಿಯ ಪುಡಿಗಳಲ್ಲಿ ಬಳಕೆಗೆ ಬಂದ ಅಲ್ಟ್ರಾಮರೀನ್ ಹಿಂದೆ ಅಫ್ಘಾನಿಸ್ತಾನದ ಗಣಿಯ ನೀಲಿಕಲ್ಲನ್ನು ಅರೆದು ತೆಗೆಯುವ ಬಣ್ಣವಾಗಿತ್ತು. ಬೆಲೆ ಚಿನ್ನಕ್ಕೆ ಹತ್ತಿರ. ಫ್ರಾನ್ಸಿನ ಗೀಮೆ 1820ರ ದಶಕದಲ್ಲಿ ಅದನ್ನು ಕುಲುಮೆಯಲ್ಲಿ ತಯಾರಿಸಿದ ಮೇಲೆ ಬಟ್ಟೆ ಒಗೆಯುವವರ ಕೈಗೂ ಬಂತು.

ಈಗ ಗೋಡೆ. ಫ್ರಾನ್ಸಿನ ಹೆಸರು ಬಂದದ್ದು ಒಳ್ಳೆಯದೇ ಆಯಿತು, ಏಕೆಂದರೆ ಸೋಫಾ ಮತ್ತು ಗೋಡೆಯ ಸಂಬಂಧವನ್ನು ಮೊದಲು ಕ್ರಮವಾಗಿ ಬಿಡಿಸಿಟ್ಟವನು ಅಲ್ಲಿಯ ರಸಾಯನಶಾಸ್ತ್ರಜ್ಞ ಮಿಶೆಲ್ ಎಜೆನ್ ಶೆವ್ರಲ್. 1824ರಲ್ಲಿ ಅವನು ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾದ. ಕೆಲವು ಕಪ್ಪು ಉಣ್ಣೆಯ ಬಗ್ಗೆ ದೂರು ಬಂತು: ಈ ಕಪ್ಪಿಗೆ ಕಸುವಿಲ್ಲ. ಶೆವ್ರಲ್ ಬೇರೆ ಕಾರ್ಖಾನೆಗಳ ಕಪ್ಪಿನ ಜೊತೆ ಹೋಲಿಸಿದ. ಬಣ್ಣದಲ್ಲಿ ಕೊರತೆಯಿರಲಿಲ್ಲ. ನೀಲಿ, ನೇರಳೆ ಎಳೆಗಳ ಪಕ್ಕ ನೇಯ್ದಾಗ ಮಾತ್ರ ಕಪ್ಪು ಬಡಕಲಾಗುತ್ತಿತ್ತು. ದೋಷ ಇದ್ದದ್ದು ನೆರೆಯಲ್ಲಿ. ಅಲ್ಲಿಂದ ಹೊರಟು 1839ರಲ್ಲಿ ಅವನು ದೊಡ್ಡ ಗ್ರಂಥ ಬರೆದ. ಅದರ ತಿರುಳು ಇಷ್ಟು: ಅಕ್ಕಪಕ್ಕದ ಎರಡು ಬಣ್ಣಗಳನ್ನು ಕಣ್ಣು ಇರುವುದಕ್ಕಿಂತ ಹೆಚ್ಚು ಬೇರೆಬೇರೆಯಾಗಿ ತೋರಿಸುತ್ತದೆ, ಪ್ರತಿಯೊಂದೂ ತನ್ನ ಎದುರು ಬಣ್ಣದ ಛಾಯೆಯನ್ನು ಪಕ್ಕದ್ದಕ್ಕೆ ಹಚ್ಚುತ್ತದೆ. ಗ್ರಂಥದಲ್ಲಿ ಕುರ್ಚಿ, ಸೋಫಾಗಳ ಮಾತೂ ಬರುತ್ತದೆ. ಮಹಾಗನಿ ಮರಕ್ಕೆ ಕಡುಗೆಂಪು ಬಟ್ಟೆ ಹೊದಿಸುವ ಆ ಕಾಲದ ಷೋಕಿ ಅವನಿಗೆ ಹಿಡಿಸಲಿಲ್ಲ. ಬಟ್ಟೆಯ ಕೆಂಪಿನೆದುರು ಮರದ ಕೆಂಪು ಸತ್ತು, ದುಬಾರಿ ಮಹಾಗನಿ ಸಾಧಾರಣ ಓಕ್ ಮರದಂತೆ ಕಾಣುತ್ತದೆ ಎಂಬುದು ಅವನ ತಕರಾರು. ಹೊನ್ನೆ, ಬೀಟೆಯ ಚೌಕಟ್ಟಿಗೆ ಮರೂನ್ ವೆಲ್ವೆಟ್ ಹಾಕಿಸುವವರು ಇದನ್ನು ನೆನಪಿಡಬಹುದು.

ಈ ನಿಯಮವನ್ನು ಮರೂನ್ ಸೋಫಾಕ್ಕೆ ಹಚ್ಚಿದರೆ ತೀರ್ಪು ಕೊಡುವುದು ಕಷ್ಟವಲ್ಲ. ಪೀಚ್, ಗುಲಾಬಿ, ಇಟ್ಟಿಗೆ ಬಣ್ಣದ ಗೋಡೆ ಅದೇ ಕುಲದ್ದು. ಸೋಫಾದ ಕೆಂಪನ್ನು ಅದು ಕಿತ್ತುಕೊಂಡು ಕಂದಾಗಿಸುತ್ತದೆ. ಪೇಂಟರನ ಉಳಿದ ಡಬ್ಬ ಅವನಿಗೇ ಇರಲಿ. ಕಡು ಹಸಿರು ಬಳಿದರೆ ಸೋಫಾ ಉರಿಯುತ್ತದೆ, ನಿಜ, ಆದರೆ ಕೋಣೆ ಕಲ್ಯಾಣಮಂಟಪವಾಗುತ್ತದೆ. ಹಿತವಾದದ್ದು ಇವೆರಡರ ನಡುವೆ ಇದೆ: ಬಹಳ ತಿಳಿಯಾದ, ಹಸಿರಿನ ಕಡೆ ಕೂದಲೆಳೆಯಷ್ಟು ವಾಲಿದ ಬಿಳಿ ಅಥವಾ ತಿಳಿಬೂದು. ಹಳೇಬೀಡಿನ ಹೊರಗೋಡೆಯ ಬಣ್ಣಕ್ಕೆ ನಾಲ್ಕು ಪಾಲು ಬಿಳಿ ಬೆರೆಸಿದರೆ ಬರುವಂಥದ್ದು. ಒಂದು ಎಚ್ಚರಿಕೆ: ಶುದ್ಧ ಬೂದನ್ನು ತಂದರೂ ಮರೂನ್ ಪಕ್ಕದಲ್ಲಿ ಅದು ತಾನಾಗಿಯೇ ಹಸಿರಾಗಿ ಕಾಣುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಸಾಕೆನಿಸುವುದಕ್ಕಿಂತ ಒಂದು ಹೆಜ್ಜೆ ಕಡಿಮೆ ಹಸಿರಿರುವುದನ್ನು ಆರಿಸಬೇಕು.

ಕಂದು ರೆಕ್ಸಿನ್ ಸೋಫಾದ ಕಥೆ ಇನ್ನೂ ವಿಚಿತ್ರ. ಕಾಮನಬಿಲ್ಲಿನಲ್ಲಿ ಎಷ್ಟು ಹುಡುಕಿದರೂ ಕಂದು ಸಿಗುವುದಿಲ್ಲ. ಸುತ್ತಲಿಗಿಂತ ಮಂಕಾದ ಕಿತ್ತಳೆಯನ್ನೇ ಕಣ್ಣು ಕಂದು ಎನ್ನುತ್ತದೆ. ಕತ್ತಲೆಕೋಣೆಯಲ್ಲಿ ಕಂದು ಬಟ್ಟೆಯೊಂದರ ಮೇಲೆ ಮಾತ್ರ ಬೆಳಕು ಬಿಟ್ಟರೆ ಅದು ಕಿತ್ತಳೆಯಾಗಿ ಕಾಣುತ್ತದೆ. ಅಂದರೆ ಕಂದು ಸೋಫಾವನ್ನು ಕಂದಾಗಿ ಉಳಿಸುವುದು ಬೆಳ್ಳಗಿನ ಗೋಡೆ. ಗೋಡೆಗೆ ಕಡು ನೀಲಿಯೋ ಇದ್ದಿಲ ಬೂದೋ ಬಳಿದರೆ ಅದೇ ಸೋಫಾ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಎರಡೂ ಚೆನ್ನ, ಯಾವುದು ಬೇಕೆಂದು ಮೊದಲೇ ಗೊತ್ತಿರಬೇಕು. ನೀಲಿ ಸೋಫಾ ಹಳದಿ ಬಲ್ಬಿಗೆ ಮಂಕಾಗುತ್ತದೆ, ಬಿಳಿ ಬಲ್ಬಿಗೆ ಗೆಲುವಾಗುತ್ತದೆ. ಬೂದು ಸೋಫಾಕ್ಕೆ ಸ್ವಂತ ಹಟವಿಲ್ಲ, ಗೋಡೆ ಏನಿದೆಯೋ ಅದರ ಎದುರು ಬಣ್ಣ ತಾಳುತ್ತದೆ.

ಬಲವಾದ ಎರಡು ಬಣ್ಣಗಳನ್ನು ಅಕ್ಕಪಕ್ಕ ಇಟ್ಟು ದಕ್ಕಿಸಿಕೊಳ್ಳುವ ಬಗೆ ಇಳಕಲ್ಲಿನ ನೇಕಾರರಿಗೆ ಗೊತ್ತಿದೆ. ಇಳಕಲ್ ಸೀರೆಯ ಒಡಲು ಹಸಿರೋ ನೀಲಿಯೋ ಕಪ್ಪೋ ಇರಲಿ, ಸೆರಗು ಕೆಂಪು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಜಾಗದಲ್ಲಿ ಎರಡು ಬಣ್ಣ ಮುಖಾಮುಖಿಯಾಗುತ್ತವೆ. ಆದರೆ ಸೆರಗಿನ ಕೆಂಪಿನೊಳಗೆ ತೆನೆಯಾಕಾರದ ಬಿಳಿ ನೇಯ್ಗೆ ನುಗ್ಗಿ ಜಗಳ ಬಿಡಿಸುತ್ತದೆ. ಮರೂನ್ ಸೋಫಾದ ಮೇಲೆ ಹಳೆಯ ಇಳಕಲ್ ಸೀರೆಯ ಸೆರಗನ್ನು ದಿಂಬಿನ ಕವರ್ ಮಾಡಿಸಿ ಹಾಕಿದರೆ ಕೆಲಸ ಮಾಡುವುದು ಆ ಬಿಳಿಯೇ. ಕೆಂಪು ಕೋಪ ತರಿಸುತ್ತದೆ, ನೀಲಿ ಶಾಂತಿ ಕೊಡುತ್ತದೆ ಎಂಬ ಮಾತುಗಳನ್ನು ಮಾತ್ರ ಹೆಚ್ಚು ನಂಬಬೇಕಿಲ್ಲ. ಗುಲಾಬಿ ಗೋಡೆ ಕೈದಿಗಳ ಸಿಟ್ಟು ಇಳಿಸುತ್ತದೆಂದು 1979ರಲ್ಲಿ ಅಮೆರಿಕದಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಬಿಗಿಯಾಗಿ ನಡೆಸಿದ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ.

ಮನೆಯ ಹಿರಿಯರ ಕಣ್ಣನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದಕ್ಕಿಂತ ಉಪಯೋಗದ ಕೆಲಸ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಮಂದ ಬೆಳಕಿನಲ್ಲಿ ಅರವತ್ತರವರ ಅಕ್ಷಿಪಟಲ ತಲುಪುವ ಬೆಳಕು ಇಪ್ಪತ್ತರವರಿಗೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಭಾಗ. ಕಡು ನೆಲದ ಮೇಲೆ ಕಡು ಸೋಫಾ, ಹಿಂದೆ ಕಡು ಗೋಡೆ ಇದ್ದರೆ ಅಜ್ಜಿಗೆ ಸೋಫಾದ ಅಂಚೇ ಕಾಣದು. ಕೂರುವ ಜಾಗ ತಪ್ಪುತ್ತದೆ.

ಬಣ್ಣ ಆರಿಸಿಯಾದ ಮೇಲೂ ಎರಡು ಮೋಸ ಉಳಿದಿರುತ್ತವೆ. ಮೊದಲನೆಯದು ಶೇಡ್ ಕಾರ್ಡು. ಬೆರಳಗಲದ ಚೌಕದಲ್ಲಿ ಕಂಡ ಅದೇ ಬಣ್ಣ ಗೋಡೆ ತುಂಬಿದಾಗ ಹೆಚ್ಚು ಗಾಢವಾಗಿ, ಹೆಚ್ಚು ಪ್ರಖರವಾಗಿ ಕಾಣುತ್ತದೆ. ನಾಲ್ಕು ಗೋಡೆಗಳು ಪರಸ್ಪರ ಬೆಳಕು ಎಸೆದಾಡಿಕೊಳ್ಳುವುದೂ ಸೇರಿ ಗಾಢತೆ ಇನ್ನಷ್ಟು ಏರುತ್ತದೆ. ಎರಡನೆಯದು ಹಸಿ ಬಣ್ಣ. ಎಮಲ್ಷನ್ನಿನ ಅಂಟು ಹಸಿಯಿರುವಾಗ ಹಾಲಿನಂತೆ ಬಿಳಿ, ಒಣಗಿದಾಗ ಪಾರದರ್ಶಕ. ಹಾಗಾಗಿ ಒಣಗಿದ ಗೋಡೆ ಸಾಮಾನ್ಯವಾಗಿ ಒಂದು ಛಾಯೆ ಕಡುವಾಗುತ್ತದೆ. ಸುಣ್ಣದ್ದು ಇದಕ್ಕೆ ತದ್ವಿರುದ್ಧ. ಬಳಿದಾಗ ನೀರಿನಂತೆ ತೆಳ್ಳಗೆ ಕಂಡದ್ದು, ನೀರು ಆರಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆದಂತೆ ಬೆಳ್ಳಗಾಗುತ್ತದೆ. ಸುಣ್ಣದ ಅಭ್ಯಾಸವಿರುವ ಹಿರಿಯರು ಎಮಲ್ಷನ್ ನೋಡಿ ‘ಒಣಗಿದ ಮೇಲೆ ತಿಳಿಯಾಗುತ್ತೆ ಬಿಡು’ ಎನ್ನುವುದು ಇದರಿಂದ. ಆಗುವುದಿಲ್ಲ.

ಉಪಾಯ ಸುಲಭ. ಎರಡಡಿ ಚೌಕದ ಪ್ಲೈವುಡ್ ತುಂಡಿಗೆ ಪ್ರೈಮರ್ ಹಾಕಿ, ಮೇಲ್ಬಣ್ಣ ಎರಡು ಕೋಟ್ ಬಳಿದು, ಪೂರ್ತಿ ಒಣಗಿಸಿ ಸೋಫಾದ ಬೆನ್ನಿಗೆ ಒರಗಿಸಿ ಇಡಿ. ಬೆಳಿಗ್ಗೆ, ಪಶ್ಚಿಮದ ಬಿಸಿಲು ಬಿದ್ದಾಗ, ದೀಪ ಹತ್ತಿದ ಮೇಲೆ ನೋಡಿ. ಮೊಬೈಲ್ ಫೋಟೊ ನಂಬಬೇಡಿ. ಅದು ತನ್ನ ಲೆಕ್ಕದಲ್ಲಿ ಬೆಳಕನ್ನು ಸರಿಪಡಿಸಿಕೊಂಡೇ ಚಿತ್ರ ಕೊಡುತ್ತದೆ. ರಾತ್ರಿ ಹಿಡಿಸದಿದ್ದರೆ ಪೇಂಟ್ ಬದಲಿಸುವ ಮೊದಲು ಬಲ್ಬ್ ಬದಲಿಸಿ ನೋಡಿ: 3000 ಕೆಲ್ವಿನ್, ಸಿಆರ್‌ಐ 90ಕ್ಕೆ ಮೇಲಿನದು. ಹಾಲ್‌ಗೆ ಬಣ್ಣ ಹೊಡೆಸುವ ಖರ್ಚಿನ ಮುಂದೆ ಒಂದೆರಡು ಒಳ್ಳೆಯ ಬಲ್ಬಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಕಡೆಯದಾಗಿ ಬಣ್ಣದಂಗಡಿಗೆ ಒಯ್ಯುವ ಬಟ್ಟೆಯ ತುಣುಕಿನ ಮಾತು. ಬಿಸಿಲಿನ ಅತಿನೇರಳೆ ಕಿರಣಗಳು, ಜೊತೆಗೆ ಕಾಣುವ ಬೆಳಕು ಕೂಡ, ರಂಗಿನ ಅಣುಗಳನ್ನು ಒಡೆಯುತ್ತವೆ. ಕಿಟಕಿಯ ಗಾಜು ಅತಿನೇರಳೆಯ ಒಂದು ಭಾಗವನ್ನಷ್ಟೇ ತಡೆಯುತ್ತದೆ. ಹತ್ತು ವರ್ಷ ಪಶ್ಚಿಮದ ಬಿಸಿಲು ಉಂಡ ಸೋಫಾದ ಬೆನ್ನು, ಕೈಗಳು ಈಗ ಮರೂನ್ ಆಗಿ ಉಳಿದಿಲ್ಲ, ಮಾಸಿದ ಇಟ್ಟಿಗೆಯ ಬಣ್ಣಕ್ಕೆ ಇಳಿದಿವೆ. ಮೂಲ ಬಣ್ಣ ಉಳಿದಿರುವುದು ದಿಂಬಿನ ಅಡಿಯಲ್ಲಿ ಮಾತ್ರ, ಅದನ್ನು ಯಾರೂ ನೋಡುವುದಿಲ್ಲ. ತುಣುಕನ್ನು ಅಲ್ಲಿಂದ ಕತ್ತರಿಸಿ ಒಯ್ಯಬೇಡಿ. ಕಾರ್ಡನ್ನೇ ಮನೆಗೆ ತರಿಸಿ, ಮಾಸಿದ ಬೆನ್ನಿಗೆ ಹಿಡಿದು ನೋಡಿ.